ಇಪ್ಪತ್ತೇಳು ಬರಬೇಕಿದೆ

ಬಂದರಿನ ಕಚೇರಿಯಲ್ಲಿ ಮೆಟ್ಟಿಲ ಕೆಳಗೆ ಒಂದು ಕೋಣೆ ಇತ್ತು. ಎಂಟು ಹೆಜ್ಜೆ ಉದ್ದ, ಐದು ಹೆಜ್ಜೆ ಅಗಲ, ಕಿಟಕಿ ಇಲ್ಲ. ಉಪ್ಪುಗಾಳಿ ಒಳಗೆ ಬಂದರೆ ತಂತಿಯ ತುದಿಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ ಎಂದು ಬಾಗಿಲ ಸಂದಿಗೆ ಹಳೆಯ ಕಂಬಳಿ ತುರುಕಿದ್ದರು. ಒಳಗೆ ಆಳೆತ್ತರದ ಕಬ್ಬಿಣದ ಕಪಾಟು, ಅದರಲ್ಲಿ ಸರ್ವರ್. ಇಡೀ ದಿನ ಫ್ಯಾನುಗಳು ಸುಯ್ಯೆನ್ನುತ್ತಿದ್ದವು. ಹೊಸಬರು ಅಲ್ಲಿ ಹತ್ತು ನಿಮಿಷ ಕೂತರೆ ತಲೆ ನೋಯುತ್ತದೆ ಎನ್ನುತ್ತಿದ್ದರು. ಅದನ್ನು ನೋಡಿಕೊಳ್ಳುತ್ತಿದ್ದ ಹೆಂಗಸಿಗೆ ಮಾತ್ರ ಆ ಸದ್ದು ನಿಂತರೆ ತಲೆ ನೋಯುತ್ತಿತ್ತು.

ಅವಳನ್ನು ಎಲ್ಲರೂ ಸರ್ವರಮ್ಮ ಎಂದು ಕರೆಯುತ್ತಿದ್ದರು. ಮೊದಮೊದಲು ಅದು ಗೇಲಿಯ ಹೆಸರು. ಟೀ ಅಂಗಡಿಯ ಮುಂದೆ ಹಾದರೆ ಸಾಕು, ದೋಣಿಯವರು "ಸರ್ವರ್, ಎರಡು ಟೀ!" ಎಂದು ಕೂಗುತ್ತಿದ್ದರು. "ಲೋಟ ತೊಳೆದಿಟ್ಕೊಂಡು ಕೂತಿರಿ, ಬಂದೆ" ಎಂದು ಇವಳೂ ನಿಲ್ಲದೆ ಹೋಗುತ್ತಿದ್ದಳು. ಆಮೇಲೆ ಗೇಲಿ ಹೋಯಿತು, ಹೆಸರು ಉಳಿಯಿತು.

ಅವಳು ಓದಿದ್ದು ಏಳನೇ ಕ್ಲಾಸು. ಹತ್ತೊಂಬತ್ತನೇ ವಯಸ್ಸಿಗೆ ಆ ಕಚೇರಿಗೆ ಕಸ ಗುಡಿಸಲು ಬಂದವಳು. ಆಗ ಸರ್ವರ್ ನೋಡಿಕೊಳ್ಳುತ್ತಿದ್ದವರು ಕನ್ನಡಕದ ಒಬ್ಬ ಹಿರಿಯರು. ಇವಳು ಕಸಬರಿಗೆ ಹಿಡಿದು ಪರದೆಯ ಮುಂದೆ ನಿಂತುಬಿಡುವುದನ್ನು ಕಂಡು ಒಂದು ದಿನ ಪಕ್ಕಕ್ಕೆ ಕುರ್ಚಿ ಎಳೆದರು. "ಇದು ಲಿನಕ್ಸ್ ಅಂತ. ಹೆದರಬೇಡ. ಏನು ಹೇಳಿದರೂ ಮಾಡುತ್ತೆ, ತಪ್ಪು ಹೇಳಿದರೂ ಮಾಡುತ್ತೆ. ಅದಕ್ಕೇ ಓದಿ, ಇನ್ನೊಂದು ಸಲ ಓದಿ, ಆಮೇಲೆ ಒತ್ತು" ಎಂದರು. ಅವಳು ಅಕ್ಷರಕ್ಕೆ ಅಕ್ಷರ ಕೂಡಿಸಿ ಕಲಿತಳು. ಹಿರಿಯರು ನಿವೃತ್ತರಾದ ಮೇಲೆ ಕೋಣೆಯ ಬೀಗದ ಕೈ ಅವಳ ಸೊಂಟಕ್ಕೆ ಬಂತು. ಅದಕ್ಕೂ ಹದಿನಾಲ್ಕು ವರ್ಷವಾಗಿತ್ತು.

ಆ ಸರ್ವರಿನಲ್ಲಿ ಮುಖ್ಯವಾಗಿ ಎರಡು ಪ್ರೋಗ್ರಾಂ. ಒಂದಕ್ಕೆ ಕಚೇರಿಯಲ್ಲಿ ಕಿವಿ ಎನ್ನುತ್ತಿದ್ದರು, ಇನ್ನೊಂದಕ್ಕೆ ಬಾಯಿ. ಕಡಲಿಗೆ ಹೋದ ಪ್ರತಿ ದೋಣಿಯಲ್ಲೂ ಇಟ್ಟಿಗೆಯಷ್ಟು ದೊಡ್ಡ ಒಂದು ಪೆಟ್ಟಿಗೆ ಇರುತ್ತದೆ. ತಾನು ಎಲ್ಲಿದ್ದೇನೆ ಎಂದು ಅದು ಹತ್ತು ಹತ್ತು ನಿಮಿಷಕ್ಕೆ ಹೇಳುತ್ತದೆ. ಅದನ್ನು ಕೇಳಿಸಿಕೊಂಡು ಬರೆದಿಡುವುದು ಕಿವಿ. ಗಾಳಿ ಎದ್ದಾಗ, ಅಲೆ ಏರಿದಾಗ ಎಲ್ಲ ಪೆಟ್ಟಿಗೆಗಳಿಗೂ ಎಚ್ಚರಿಕೆ ಕಳಿಸಿ ಕೀರಲು ಸದ್ದು ಮಾಡಿಸುವುದು ಬಾಯಿ. ಹೊರಟ ದೋಣಿ ಹೊತ್ತಿಗೆ ಸರಿಯಾಗಿ ಬರದಿದ್ದರೆ ಕಿವಿ ಅದರ ನಂಬರಿನ ಮುಂದೆ ಹಳದಿಯಲ್ಲಿ ‘ಬರಬೇಕಿದೆ’ ಎಂದು ತೋರಿಸುತ್ತಿತ್ತು. ಬಂದ ಕೂಡಲೆ ಹಸಿರು.

ಕಿವಿಗೆ ಒಂದು ಕೆಟ್ಟ ಚಾಳಿ ಇತ್ತು. ಕೆಲಸಕ್ಕೆಂದು ತೆಗೆದುಕೊಂಡ ಮೆಮೊರಿಯನ್ನು ಪೂರ್ತಿ ವಾಪಸು ಕೊಡುತ್ತಿರಲಿಲ್ಲ. ದಿನಕ್ಕೆ ಒಂದು ಹಿಡಿಯಷ್ಟನ್ನು ತನ್ನಲ್ಲೇ ಇಟ್ಟುಕೊಳ್ಳುತ್ತಿತ್ತು. ಅದನ್ನು ಬರೆದುಕೊಟ್ಟವರು ಎಂದೋ ಅಂಗಡಿ ಮುಚ್ಚಿದ್ದರು, ತಿದ್ದುವವರು ಯಾರೂ ಇರಲಿಲ್ಲ. ಹಾಗಾಗಿ ತಿಂಗಳ ಮೊದಲ ಸೋಮವಾರ ಬೆಳಿಗ್ಗೆ ಕಿವಿಯನ್ನು ಎರಡು ನಿಮಿಷ ನಿಲ್ಲಿಸಿ ಮತ್ತೆ ಎಬ್ಬಿಸುವುದು ರೂಢಿ. ಎದ್ದಾಗ ಅದು ದೋಣಿಗಳ ಪಟ್ಟಿಯನ್ನು ಒಮ್ಮೆ ಓದಿಕೊಳ್ಳುತ್ತದೆ. ಮತ್ತೆ ಓದುವುದು ಮುಂದಿನ ಸಲ ಎದ್ದಾಗಲೇ.

ಮೇಲಿನ ಮಹಡಿಯಲ್ಲಿ ವೈರ್‌ಲೆಸ್ ಮುಂದೆ ಕೂರುತ್ತಿದ್ದ ಮುದುಕನನ್ನು ರೇಡಿಯೊ ಮಾವ ಎನ್ನುತ್ತಿದ್ದರು. ಆ ಸೋಮವಾರಗಳಲ್ಲಿ ಅವನು ಎಲ್ಲ ದೋಣಿಗಳಿಗೂ ಕೂಗಿ ಹೇಳುತ್ತಿದ್ದ: "ಎಲ್ಲರೂ ಕೇಳ್ರಪ್ಪಾ, ನಮ್ಮ ಸರ್ವರಮ್ಮ ಎರಡು ನಿಮಿಷ ಕಿವಿಗೆ ಎಣ್ಣೆ ಬಿಡ್ತಾಳೆ. ಹೆಂಡ್ತೀನ ಬೈಯೋದಿದ್ರೆ ಈಗಲೇ ಬೈದುಬಿಡಿ, ಯಾರಿಗೂ ಕೇಳ್ಸಲ್ಲ."

ಅವಳಿಗೊಬ್ಬ ತಮ್ಮ. ಒಬ್ಬನೇ ಹೋಗುವಂಥ ಸಣ್ಣ ದೋಣಿ ಅವನದು, ನಂಬರು ಇಪ್ಪತ್ತೇಳು. ಬಂದರಿನಲ್ಲಿ ಅವನ ಹೆಸರು ಲೇಟಪ್ಪ. ಹುಟ್ಟುವಾಗಲೇ ಹದಿನೈದು ದಿನ ತಡ ಮಾಡಿ ಹುಟ್ಟಿದವನು ಎಂದು ಅವರಮ್ಮ ಹೇಳುತ್ತಿದ್ದಳು. ಸಂಜೆ ನಾಲ್ಕಕ್ಕೆ ಬರಬೇಕಾದವನು ಆರಕ್ಕೆ ಬರುತ್ತಿದ್ದ. ಬೇರೆ ದೋಣಿಯ ಮುಂದೆ ಹಳದಿ ಕಂಡರೆ ಕಚೇರಿಯವರ ಎದೆ ಹೊಡೆದುಕೊಳ್ಳುತ್ತಿತ್ತು, ಇಪ್ಪತ್ತೇಳಕ್ಕೆ ಮಾತ್ರ ಯಾರೂ ತಲೆ ಎತ್ತುತ್ತಿರಲಿಲ್ಲ. "ಏನೋ, ಕಡಲಲ್ಲಿ ಮನೆ ಕಟ್ತಿದೀಯೇನೋ?" ಎಂದು ಇವಳು ಬೈದರೆ, "ಅಕ್ಕಾ, ಮೀನಿಗೆ ಟಾಟಾ ಮಾಡದೆ ಬಂದ್ರೆ ಬೇಜಾರು ಮಾಡ್ಕೊಳ್ತಾವೆ" ಎನ್ನುತ್ತಿದ್ದ.

ಒಂದು ದಿನ, ಗಾಳಿಯಿಲ್ಲದ ದಿನ, ಅವನು ಬರಲಿಲ್ಲ.

ಆರಾಯಿತು, ಏಳಾಯಿತು. ಅವನ ಪೆಟ್ಟಿಗೆ ಮಧ್ಯಾಹ್ನ ಎರಡೂ ನಲವತ್ತಕ್ಕೆ ಕೊನೆಯ ಮಾತು ಆಡಿ ಸುಮ್ಮನಾಗಿತ್ತು. ಹನ್ನೊಂದು ದಿನ ಹುಡುಕಿದರು. ಒಂದು ಹಲಗೆ ಸಿಗಲಿಲ್ಲ, ಒಂದು ಚಪ್ಪಲಿ ಸಿಗಲಿಲ್ಲ.

ಅವರಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕಾಲಲ್ಲಿ ತುಳಿಯುವ ಮೆಷಿನ್ ಇಟ್ಟುಕೊಂಡು ದೋಣಿಗಳಿಗೆ ಹೊದಿಸುವ ಟಾರ್ಪಾಲು ಹೊಲಿಯುತ್ತಿದ್ದಳು. ಹುಡುಕುವುದನ್ನು ನಿಲ್ಲಿಸಿದ ಸಂಜೆ ಮಗಳು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಗ, ತುಳಿಯುವುದನ್ನು ನಿಲ್ಲಿಸದೆ ಕೇಳಿದಳು:

"ಅವರು ನಿಲ್ಸಿದ್ರು. ನಿನ್ನ ಕಿವಿ?"

"ಅದು ನಿಲ್ಸಿಲ್ಲಮ್ಮ. ಬರಬೇಕಿದೆ ಅಂತಾನೇ ತೋರಿಸ್ತಿದೆ."

"ಹಂಗಾದ್ರೆ ಸರಿ. ಅವನು ಯಾವತ್ತು ಟೈಮಿಗೆ ಬಂದಿದಾನೆ?"

ಅಂದಿನಿಂದ ಪ್ರತಿ ಸಂಜೆ ಅದೇ ಪ್ರಶ್ನೆ: "ಕಾಯ್ತಿದೆಯಾ?" ಅದೇ ಉತ್ತರ: "ಕಾಯ್ತಿದೆ."

ಮುಂದಿನ ತಿಂಗಳ ಮೊದಲ ಸೋಮವಾರ ಬಂದಾಗ ರೇಡಿಯೊ ಮಾವ ಮೇಲಿನಿಂದ ಫೋನು ಮಾಡಿದ. "ಎಣ್ಣೆ ಬಿಡ್ತೀಯೇನಮ್ಮಾ?" ಅವಳು ಅಂದಳು, "ಈ ತಿಂಗಳು ಬೇಡ ಮಾವ. ಹಗುರವಾಗೇ ಓಡ್ತಿದೆ." ಅದು ನಿಜವೂ ಆಗಿತ್ತು. ಇನ್ನೊಂದು ತಿಂಗಳನ್ನು ಮೆಷಿನ್ ತಡೆದುಕೊಳ್ಳುತ್ತಿತ್ತು. ಪಟ್ಟಿಯಲ್ಲಿ ಇಪ್ಪತ್ತೇಳು ಇನ್ನೂ ಇತ್ತಲ್ಲ, ಎದ್ದರೂ ಓದಿಕೊಳ್ಳುತ್ತಿತ್ತು. ಆದರೆ ಎಷ್ಟು ಗಂಟೆಯಿಂದ ಕಾಯುತ್ತಿದ್ದೇನೆ ಎಂಬ ಲೆಕ್ಕ ಸೊನ್ನೆಯಾಗುತ್ತಿತ್ತು. ಅಷ್ಟನ್ನು ಮಾಡಲೂ ಅವಳಿಗೆ ಕೈ ಬರಲಿಲ್ಲ, ಅದರ ಮುಂದಿನ ತಿಂಗಳೂ.

ತೊಂಬತ್ತು ದಿನ ತುಂಬಿದ ಮೇಲೆ ನೋಂದಣಿ ಗುಮಾಸ್ತ ಕೆಳಗಿಳಿದು ಬಂದು ಬಾಗಿಲಲ್ಲೇ ನಿಂತ. ಒಳ್ಳೆಯ ಮನುಷ್ಯ. ಅವಳ ಮುಖ ನೋಡದೆ ಕಂಬಳಿಯನ್ನು ನೋಡುತ್ತಾ ಹೇಳಿದ: "ನಿಯಮ ಅಂತ ಒಂದಿದೆಯಲ್ಲಮ್ಮಾ. ಪಟ್ಟಿಯಿಂದ ಇವತ್ತು ತೆಗೆದೆ. ನಿನ್ನ ಮೆಷಿನ್‌ನಲ್ಲಿ ತಾನಾಗೇ ಹೋಗುತ್ತಾ, ಬೇರೆ ಏನಾದ್ರೂ ಮಾಡ್ಬೇಕಾ?"

"ಮುಂದಿನ ಸಲ ಎದ್ದಾಗ ಹೋಗುತ್ತೆ" ಎಂದಳು.

ಅಂದಿನಿಂದ ಅವಳು ಕಿವಿಯನ್ನು ಮಲಗಲು ಬಿಡಲಿಲ್ಲ.

ಬಿಡದೆ ಓಡಿಸುವುದು ಸುಲಭದ ಕೆಲಸವಲ್ಲ. ಅವಳಿಗೆ ಬರುತ್ತಿದ್ದ ವಿದ್ಯೆಯನ್ನೆಲ್ಲ ಅದಕ್ಕೆ ಸುರಿದಳು. ತಿಂಗಳ ವರದಿ ಮಾಡುವ ಕೆಲಸವನ್ನು ಆ ಸರ್ವರಿನಿಂದ ಎತ್ತಿ ಗುಮಾಸ್ತನ ಹಳೆಯ ಕಂಪ್ಯೂಟರಿಗೆ ಹಾಕಿದಳು. ಮೆಮೊರಿ ಸಾಲದಾದಾಗ ಡಿಸ್ಕಿನಲ್ಲಿ ಇಟ್ಟುಕೊಳ್ಳುವ ಜಾಗಕ್ಕೆ ಸ್ವಾಪ್ ಎನ್ನುತ್ತಾರೆ, ಮನೆಯ ಅಟ್ಟ ಇದ್ದ ಹಾಗೆ. ಆ ಅಟ್ಟವನ್ನು ಎರಡು ಸಲ ದೊಡ್ಡದು ಮಾಡಿದಳು. ಕಿವಿ ಹಿಡಿದಿಟ್ಟುಕೊಂಡು ಮುಟ್ಟದೆ ಬಿಟ್ಟಿದ್ದನ್ನು ಬೇಗ ಬೇಗ ಅಟ್ಟಕ್ಕೆ ಏರಿಸಲಿ ಎಂದು, ಅದಕ್ಕಿರುವ ಅಂಕಿಯನ್ನು ಅರವತ್ತರಿಂದ ಎಂಬತ್ತಕ್ಕೆ ತಂದಳು. ಯಾವುದಕ್ಕೆ ಮೊದಲ ಸರದಿ, ಯಾವುದಕ್ಕೆ ಕೊನೆಯ ಸರದಿ ಎಂದು ಪ್ರತಿಯೊಂದನ್ನೂ ತೂಗಿ ಕೂರಿಸಿದಳು. ಬೆಳಿಗ್ಗೆ ಬಂದ ಕೂಡಲೆ ಚೀಲ ಇಡುವ ಮೊದಲು ಪರದೆ ನೋಡುತ್ತಿದ್ದಳು. ಕಾಯಿಲೆಯವರ ಹಣೆ ಮುಟ್ಟಿ ನೋಡುವ ಹಾಗೆ.

ಅವನು ಹೋಗಿ ಎಂಟು ತಿಂಗಳಾಯಿತು. ಒಂದು ಸಭೆಯಲ್ಲಿ ಬಂದರಿನ ಸಾಹೇಬರು ಎದ್ದು ನಿಂತು, "ನಮ್ಮ ಸರ್ವರ್ ಇನ್ನೂರ ಐವತ್ತು ದಿನ ಒಂದು ಸಲವೂ ನಿಲ್ಲದೆ ಓಡಿದೆ. ಇದಕ್ಕೆ ಯಾರು ಕಾರಣ ಅಂತ ಎಲ್ರಿಗೂ ಗೊತ್ತು" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ತಲೆ ಬಗ್ಗಿಸಿದಳು. ಸಂಕೋಚದ ಹೆಂಗಸು ಎಂದುಕೊಂಡರು.

ಚಪ್ಪಾಳೆ ತಟ್ಟದವನು ರೇಡಿಯೊ ಮಾವ ಒಬ್ಬನೇ. ಸಭೆ ಮುಗಿದ ಮೇಲೆ ಅವಳನ್ನು ಮಹಡಿಗೆ ಕರೆದುಕೊಂಡು ಹೋದ. ಅವನ ಕೋಣೆಯಲ್ಲಿ ಕಂಪ್ಯೂಟರ್ ಬರುವುದಕ್ಕೂ ಮುಂಚಿನ ಕರಿಹಲಗೆ ಇನ್ನೂ ತೂಗುತ್ತಿತ್ತು. ಆ ಕಾಲದಲ್ಲಿ ದೋಣಿ ಹೊರಟಾಗ ಅದರಲ್ಲಿ ನಂಬರು ಬರೆದು, ಬಂದಾಗ ಒರೆಸುತ್ತಿದ್ದರು.

"ಇಲ್ಲಿ ಒಂದು ಸಲ ಒಂಬತ್ತು ಅಂತ ಬರೆದಿದ್ದು ನಾಲ್ಕು ತಿಂಗಳು ಹಂಗೇ ಇತ್ತು" ಎಂದ. "ಆರು ಜನ ಇದ್ದ ದೋಣಿ. ಒರೆಸೋದು ನನ್ನ ಕೆಲಸ. ಬಟ್ಟೆ ಕೈಯಲ್ಲಿ ಹಿಡಿದ್ಕೊಂಡು ಬರ್ತಿದ್ದೆ, ಸುತ್ತ ಒರೆಸಿ ಅದೊಂದನ್ನ ಬಿಟ್ಟು ಹೋಗ್ತಿದ್ದೆ."

"ಆಮೇಲೆ ಯಾವಾಗ ಒರೆಸಿದ್ರಿ ಮಾವ?"

"ಹೊಸ ದೋಣಿಗೆ ಒಂಬತ್ತು ಅಂತ ನಂಬರು ಕೊಟ್ರು. ಅದು ಹೊರಟ ದಿನ ಬರೆಯೋಕೆ ಹೋದ್ರೆ ಜಾಗ ಇರ್ಲಿಲ್ಲ." ಅವನು ಹೆಡ್‌ಫೋನು ಕಿವಿಗೇರಿಸಿಕೊಂಡ. "ಹಲಗೇಲಿ ಒಂದು ಸಾಲು ಹಂಗೇ ಉಳಿದ್ರೆ ಯಾರಿಗೂ ಏನೂ ಆಗಲ್ಲಮ್ಮಾ. ನಿಂದು ಹಲಗೆ ಅಲ್ಲ. ನೋಡ್ಕೋ."

ಅವಳು ನೋಡಿಕೊಂಡಳು. ಆದರೆ ಅವಳು ನೋಡಿಕೊಂಡ ರೀತಿಯೇ ಮುಂದಿನದಕ್ಕೆಲ್ಲ ಕಾರಣವಾಯಿತು.

ಮೆಮೊರಿಯೂ ಅಟ್ಟವೂ ಎರಡೂ ತುಂಬಿಹೋದಾಗ ಲಿನಕ್ಸ್ ಸುಮ್ಮನೆ ಕೂರುವುದಿಲ್ಲ. ಇಡೀ ಮೆಷಿನ್ ಮುಳುಗುವ ಬದಲು ಒಂದು ಪ್ರೋಗ್ರಾಂ ಹೋಗಲಿ ಎಂದು ತಾನೇ ಒಂದನ್ನು ಆರಿಸಿ ಕೊಲ್ಲುತ್ತದೆ. ಯಾವುದನ್ನು ಎಂದು ತಿಳಿಯಲು ಒಂದೊಂದಕ್ಕೂ ಅಂಕ ಹಾಕುತ್ತದೆ. ಹೆಚ್ಚು ತಿಂದವರಿಗೆ ಹೆಚ್ಚು ಅಂಕ. ಹಾಗೆ ನೋಡಿದರೆ ಮೊದಲ ಅಂಕ ಕಿವಿಗೇ. ಅದು ಸತ್ತರೂ ಅರ್ಧ ನಿಮಿಷದಲ್ಲಿ ತಾನಾಗಿ ಎದ್ದು, ಪಟ್ಟಿ ಓದಿಕೊಂಡು, ಹೊಟ್ಟೆ ಹಗುರ ಮಾಡಿಕೊಂಡು ಓಡತೊಡಗುತ್ತದೆ. ಯಾರಿಗೂ ನಷ್ಟವಿಲ್ಲದ ಸಾವು ಅದು.

ಆ ಪಟ್ಟಿಯಲ್ಲಿ ಇಪ್ಪತ್ತೇಳು ಇರಲಿಲ್ಲ.

ಅಂಕವನ್ನು ಕೈಯಿಂದ ಬದಲಿಸಲು ಬರುತ್ತದೆ. ಮೈನಸ್ ಸಾವಿರ ಎಂದು ಬರೆದರೆ, ಏನೇ ಆದರೂ ಇವನನ್ನು ಮುಟ್ಟಬೇಡ ಎಂದರ್ಥ. ಒಂದು ಮಧ್ಯಾಹ್ನ ಊಟಕ್ಕೆ ಹೋಗುವ ಮೊದಲು ಅವಳು ಕಿವಿಯ ಹೆಸರಿಗೆ ಅದನ್ನು ಬರೆದಳು. ಓದಿದಳು, ಇನ್ನೊಂದು ಸಲ ಓದಿದಳು, ಒತ್ತಿದಳು. ಇವನನ್ನು ಮುಟ್ಟಬೇಡ ಎಂದರೆ ಬೇರೆ ಯಾರನ್ನೋ ಮುಟ್ಟು ಎಂದು ಹೇಳಿದ ಹಾಗೆ. ಅದು ಅವಳಿಗೆ ಗೊತ್ತಿತ್ತು. ಯಾರನ್ನು ಎಂದು ಅವಳು ಯೋಚಿಸಲಿಲ್ಲ.

ಅವನು ಹೋದ ಹತ್ತನೇ ತಿಂಗಳಲ್ಲಿ, ಒಂದು ಮಧ್ಯಾಹ್ನ ಮೂರು ಗಂಟೆಗೆ ಪಶ್ಚಿಮದ ಕಡೆ ಆಕಾಶ ಸೀಸದ ಬಣ್ಣಕ್ಕೆ ತಿರುಗಿತು. ಮೂರೂ ಇಪ್ಪತ್ತಕ್ಕೆ ಸಾಹೇಬರು ಎಚ್ಚರಿಕೆ ಕಳಿಸಲು ಹೇಳಿದರು. ಬಾಯಿ ಕಳಿಸತೊಡಗಿತು. ಹೊರಗೆ ಮೂವತ್ತೊಂದು ದೋಣಿ. ಮನೆಯವರು ಫೋನಿನಲ್ಲಿ ನೋಡುವ ಪುಟವೊಂದಿತ್ತು, ತಮ್ಮ ದೋಣಿ ಎಲ್ಲಿದೆ ಎಂದು ತಿಳಿಯಲು. ಆಕಾಶ ಕಂಡ ಕೂಡಲೆ ಊರಿಗೆ ಊರೇ ಆ ಪುಟ ತೆರೆಯಿತು. ಒಬ್ಬೊಬ್ಬರಿಗೂ ಇಷ್ಟಿಷ್ಟು ಮೆಮೊರಿ. ಅಟ್ಟದಲ್ಲಿ ಕಾಲಿಡಲು ಜಾಗ ಇರಲಿಲ್ಲ.

ಅವಳಾಗ ಹೊರಗೆ ಅಂಗಳದಲ್ಲಿ ಜನರೇಟರಿನವನ ಹತ್ತಿರ ನಿಂತಿದ್ದಳು, ಕರೆಂಟು ಹೋದರೆ ಎಂದು. ಮೆಟ್ಟಿಲಿಳಿದು ಓಡಿ ಬಂದ ರೇಡಿಯೊ ಮಾವನ ಕುತ್ತಿಗೆಯಲ್ಲಿ ಹೆಡ್‌ಫೋನಿನ ತಂತಿ ಹಾಗೇ ನೇತಾಡುತ್ತಿತ್ತು.

"ಬಾಯಿ ಯಾಕಮ್ಮಾ ಸುಮ್ನಿದೆ? ಎಲ್ರೂ ತಿರುಗಿದ್ರು, ಹದಿನಾಲ್ಕು ಇನ್ನೂ ಆಚೆಗೇ ಹೋಗ್ತಿದೆ. ಅವರ ರೇಡಿಯೊ ಕೆಟ್ಟು ವಾರ ಆಯ್ತು, ಕೂಗಿದ್ರೆ ಕೇಳ್ತಿಲ್ಲ. ಪೆಟ್ಟಿಗೆ ಕೀರ್ ಅಂದ್ರೆ ಮಾತ್ರ ಗೊತ್ತಾಗೋದು!"

ಅವಳು ಕೋಣೆಗೆ ಓಡಿದಳು. ಗಡಿಯಾರ ಮೂರೂ ಮೂವತ್ತೊಂಬತ್ತು. ಒಂದು ಅಕ್ಷರ ಒತ್ತಿದರೆ ಪರದೆಯ ಮೇಲೆ ಮೂಡಲು ಒಂದು ಉಸಿರು ಬೇಕಾಗುತ್ತಿತ್ತು. ಕಪಾಟಿನ ಫ್ಯಾನುಗಳು ಅವಳು ಹಿಂದೆಂದೂ ಕೇಳದಷ್ಟು ಜೋರಾಗಿ ಕೂಗುತ್ತಿದ್ದವು. ಏನೇನಾಯಿತೆಂದು ಸರ್ವರ್ ಕ್ಷಣಕ್ಷಣಕ್ಕೆ ಬರೆದಿಡುವ ಲಾಗ್ ತೆರೆದಳು. ಮೂರೂ ಇಪ್ಪತ್ತೆರಡಕ್ಕೆ ಮೆಮೊರಿ ಮುಗಿದಿದೆ. ಲಿನಕ್ಸ್ ಸುತ್ತ ನೋಡಿ, ಮುಟ್ಟಬಾರದ ಕಿವಿಯನ್ನು ಬಿಟ್ಟು, ಅದರ ನಂತರ ಹೆಚ್ಚು ತಿಂದಿದ್ದ ಬಾಯಿಯನ್ನು ಕೊಂದಿದೆ. ಬಾಯಿ ತಾನಾಗಿ ಎದ್ದಿದೆ, ಮತ್ತೆ ಕೊಂದಿದೆ. ಐದು ಸಲ ಎದ್ದು ಐದು ಸಲ ಬಿದ್ದು, ಆರನೇ ಸಲ ಏಳುವುದನ್ನೇ ಬಿಟ್ಟಿದೆ.

ಅವಳು ಬಾಯಿಯನ್ನು ಕೈಯಾರೆ ಎಬ್ಬಿಸಿದಳು. ಬಿತ್ತು. ಮನೆಯವರ ಪುಟವನ್ನು ನಿಲ್ಲಿಸಿದಳು. ಸ್ವಲ್ಪ ಜಾಗವಾಯಿತು, ಬಾಯಿ ಎದ್ದು ನಾಲ್ಕು ದೋಣಿಗೆ ಕೂಗಿ ಮತ್ತೆ ಬಿತ್ತು. ಹಳೆಯ ಲಾಗುಗಳನ್ನು ಅಳಿಸಿ ಅಟ್ಟಕ್ಕೆ ಇನ್ನೊಂದು ತುಂಡು ಸೇರಿಸಲು ಹೋದಳು. ಡಿಸ್ಕು ಆಗಲೇ ಏದುಸಿರು ಬಿಡುತ್ತಿತ್ತು, ಆ ಕಮಾಂಡು ಅರ್ಧದಲ್ಲೇ ನಿಂತಿತು. ಪರದೆಯ ಮೇಲಿನ ಸಾಲಿನಲ್ಲಿ ಕಿವಿ ಇತ್ತು. ಮೆಮೊರಿ, ಅಟ್ಟ ಎರಡೂ ಸೇರಿ ಹತ್ತರಲ್ಲಿ ಒಂಬತ್ತು ಪಾಲು ಅದರ ಹೊಟ್ಟೆಯಲ್ಲಿ.

ಮಾವ ಹಿಂದೆಯೇ ಬಂದು ನಿಂತಿದ್ದ.

ಪಕ್ಕದ ಪರದೆಯಲ್ಲಿ ದೋಣಿಗಳ ಸಾಲು. ಹದಿನಾಲ್ಕರ ಅಂಕಿಗಳು ಹತ್ತು ನಿಮಿಷಕ್ಕೊಮ್ಮೆ ದೂರ ದೂರ ಸರಿಯುತ್ತಿದ್ದವು. ಅದರ ಕೆಳಗೆ ಎಲ್ಲೋ ಹಳದಿಯಲ್ಲಿ: ಇಪ್ಪತ್ತೇಳು, ಬರಬೇಕಿದೆ, ಏಳು ಸಾವಿರದ ನೂರ ತೊಂಬತ್ತೊಂಬತ್ತು ಗಂಟೆ.

"ಮಾವ, ಹದಿನಾಲ್ಕರಲ್ಲಿ ಎಷ್ಟು ಜನ?"

"ನಾಲ್ಕು."

ಕಿವಿಗೆ ನಿಲ್ಲು ಎಂದು ನಯವಾಗಿ ಹೇಳುವ ಕಮಾಂಡು ಒಂದಿದೆ. ಅವಳು ಅದನ್ನು ಕೊಟ್ಟಳು. ಕಿವಿ ಕೇಳಿಸಿಕೊಳ್ಳಲಿಲ್ಲ. ಅದರ ಮುಕ್ಕಾಲು ಮೈ ಅಟ್ಟದಲ್ಲಿತ್ತು, ಇಳಿದು ಬಂದು ಉತ್ತರ ಕೊಡಲು ಅದಕ್ಕೆ ಇನ್ನೂ ಹತ್ತು ನಿಮಿಷ ಬೇಕಿತ್ತು. ಉಳಿದದ್ದು ಒಂದೇ. ಅದಕ್ಕೆ ಇಂಗ್ಲಿಷಿನಲ್ಲಿ ಕೊಲ್ಲು ಎಂದೇ ಹೆಸರು, ಮುಂದೆ ಒಂಬತ್ತು ಎಂದು ಬರೆಯಬೇಕು. ಬರೆದರೆ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಕಲಿಸುವಾಗ ಕನ್ನಡಕದ ಹಿರಿಯರು ಹೇಳಿದ್ದರು, ಆ ಶಬ್ದ ಕಂಡು ಗಾಬರಿಯಾಗಬೇಡ ಮಗಾ, ಬರೀ ಶಬ್ದ ಅದು.

ಬರೆದಳು. ಓದಿದಳು. ಇನ್ನೊಂದು ಸಲ ಓದಿದಳು. ಬೆರಳು ಕೀಲಿಯ ಮೇಲೆ ಇತ್ತು. ಎಷ್ಟು ಹೊತ್ತು ಇತ್ತು ಎಂದು ಆಮೇಲೆ ಲಾಗ್ ನೋಡಿದಾಗ ಗೊತ್ತಾಯಿತು. ಎರಡು ನಿಮಿಷ.

"ಅಮ್ಮಾ" ಎಂದ ಮಾವ. ಅಷ್ಟೇ ಅಂದದ್ದು.

ಮೂರೂ ಐವತ್ತೊಂದಕ್ಕೆ ಅವಳು ಒತ್ತಿದಳು.

ಫ್ಯಾನುಗಳು ಒಂದೊಂದಾಗಿ ಇಳಿದವು. ಪಕ್ಕದ ಪರದೆ ಖಾಲಿಯಾಯಿತು. ಬಾಯಿ ಎದ್ದಿತು, ಈ ಸಲ ಬೀಳಲಿಲ್ಲ, ಮೂವತ್ತೊಂದು ದೋಣಿಗೂ ಕೂಗಿತು. ಅರ್ಧ ನಿಮಿಷಕ್ಕೆ ಕಿವಿ ತಾನಾಗಿ ಎದ್ದು ಪಟ್ಟಿ ಓದಿತು. ಸಾಲು ಸಾಲಾಗಿ ನಂಬರುಗಳು ಬಂದವು. ಇಪ್ಪತ್ತೈದು. ಇಪ್ಪತ್ತಾರು. ಇಪ್ಪತ್ತೆಂಟು.

ಹದಿನಾಲ್ಕು ತಿರುಗಿತು. ಅರ್ಧ ಗಂಟೆ ಮೊದಲೇ ತಿರುಗಿದ್ದರೆ ಗಾಳಿ ಏಳುವ ಮೊದಲು ಒಳಗೆ ಬಂದಿರುತ್ತಿತ್ತು. ಬಂದರಿನ ಬಾಯಲ್ಲಿ ಅಲೆ ಅದನ್ನು ಎತ್ತಿ ತಡೆಗೋಡೆಯ ಕಲ್ಲಿಗೆ ಒಗೆಯಿತು. ಮೂವರು ಕಲ್ಲಿನ ಮೇಲೆ ಹಾರಿದರು. ನಾಲ್ಕನೆಯವನು ಎಂಜಿನ್ ಮೆಕ್ಯಾನಿಕ್. ಹಗ್ಗ ಹಿಡಿದಿದ್ದ ಅವನ ಬಲಗೈ ಕಲ್ಲಿಗೂ ದೋಣಿಗೂ ನಡುವೆ ಸಿಕ್ಕಿತು. ಜೀವ ಉಳಿಯಿತು. ಮೂರು ಬೆರಳು ಉಳಿಯಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಅವಳು ಆಸ್ಪತ್ರೆಗೆ ಹೋದಳು. ಮೆಕ್ಯಾನಿಕ್‌ನ ಹೆಂಡತಿ ವರಾಂಡದ ಬೆಂಚಿನ ಮೇಲೆ ಕೂತಿದ್ದಳು. ಇವಳನ್ನು ಕಂಡು ಎದ್ದು ಎರಡೂ ಕೈ ಹಿಡಿದುಕೊಂಡಳು.

"ಸರ್ವರಮ್ಮಾ, ನಿಮ್ಮ ಪೆಟ್ಟಿಗೆ ಕೂಗದೇ ಇದ್ದಿದ್ರೆ ಅವರು ತಿರುಗ್ತಾನೇ ಇರ್ಲಿಲ್ಲವಂತೆ. ನಿಮ್ಮ ಹೊಟ್ಟೆ ತಣ್ಣಗಿರ್ಲಿ."

"ಕೂತ್ಕೊಳ್ಳಿ" ಎಂದಳು ಇವಳು. "ನಾನು ಒಂದು ಮಾತು ಹೇಳ್ಬೇಕು. ಪೆಟ್ಟಿಗೆ ಕೂಗ್ಬೇಕಾಗಿದ್ದು ಅರ್ಧ ಗಂಟೆ ಮೊದಲು. ತಡ ಆಗಿದ್ದು ನನ್ನಿಂದ."

ಎಲ್ಲ ಹೇಳಿದಳು. ಮೆಮೊರಿ, ಅಟ್ಟ ಎಂಬುದೆಲ್ಲ ಆ ಹೆಂಗಸಿಗೆ ತಿಳಿಯಿತೋ ಇಲ್ಲವೋ. ತಮ್ಮನ ನಂಬರು ಅಳಿಸಿಹೋಗದಿರಲಿ ಎಂದು ಮಾಡಿದ್ದು ಎಂಬುದು ತಿಳಿಯಿತು. ಹಿಡಿದಿದ್ದ ಕೈಗಳನ್ನು ಬಿಟ್ಟಳು.

"ಸತ್ತವರಿಗೋಸ್ಕರ" ಎಂದಳು. ಆಮೇಲೆ, "ನೀವು ಹೋಗಿ."

ಅಲ್ಲಿಂದ ಅವಳು ಕಚೇರಿಗೆ ಬಂದು ವರದಿ ಬರೆದಳು. ಎರಡು ಹಾಳೆ. ಯಾವ ತಾರೀಕು ಯಾವ ಅಂಕಿ ಬದಲಿಸಿದೆ, ಯಾಕೆ ಬದಲಿಸಿದೆ, ಕೀಲಿಯ ಮೇಲೆ ಬೆರಳಿಟ್ಟು ಎರಡು ನಿಮಿಷ ಸುಮ್ಮನೆ ಕೂತೆ ಎಂಬುದನ್ನೂ ಬರೆದಳು. ಸಾಹೇಬರು ಓದಿ ಕನ್ನಡಕ ತೆಗೆದರು. "ಎರಡು ನಿಮಿಷದ್ದು ಬರೀಬೇಕಾಗಿರ್ಲಿಲ್ಲ" ಎಂದರು. "ಲಾಗಲ್ಲಿದೆ ಸಾರ್" ಎಂದಳು. ಬೀಗದ ಕೈಯನ್ನು ಮೇಜಿನ ಮೇಲೆ ಇಟ್ಟಳು. ಅವರು ಅದನ್ನು ಮೂರು ತಿಂಗಳು ತಮ್ಮ ಡ್ರಾಯರಿನಲ್ಲಿ ಇಟ್ಟುಕೊಂಡರು. ಆ ಮೂರು ತಿಂಗಳು ಅವಳು ಮೇಲಿನ ಮಹಡಿಯಲ್ಲಿ ಕೂತು ಗುಮಾಸ್ತನ ಹಾಳೆಗಳನ್ನು ಜೋಡಿಸಿದಳು. ಬೇರೆ ಊರಿನಿಂದ ಬಂದವನೊಬ್ಬ ಬಾಗಿಲ ಕಂಬಳಿ ತೆಗೆದು ಹೊರಗೆಸೆದು ರಬ್ಬರ್ ಪಟ್ಟಿ ಹಾಕಿಸಿದ.

ಆದರೆ ಅದಕ್ಕೆ ಮೊದಲು, ಬಿರುಗಾಳಿಯ ಸಂಜೆಯೇ, ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುವುದಿತ್ತಲ್ಲ.

ಮೆಷಿನ್ ತುಳಿಯುವ ಸದ್ದು ಬೀದಿಗೇ ಕೇಳುತ್ತಿತ್ತು. ಅಮ್ಮನ ತೊಡೆಯ ಮೇಲೆ ನೀಲಿ ಟಾರ್ಪಾಲು, ಅದರ ಮಡಿಕೆ ನೆಲದವರೆಗೆ.

"ಗಾಳಿ ಜೋರಿತ್ತು" ಎಂದಳು ಅಮ್ಮ. "ಕಾಯ್ತಿದೆಯಾ?"

"ಇಲ್ಲಮ್ಮ."

ಕಾಲು ಇನ್ನೆರಡು ಸುತ್ತು ತುಳಿಯಿತು, ಆಮೇಲೆ ನಿಂತಿತು.

"ತಾನಾಗೇ ನಿಂತ್ಹೋಯ್ತಾ?"

"ನಾನೇ ನಿಲ್ಸಿದೆ."

ಅಮ್ಮ ಸೂಜಿಯ ಕೆಳಗಿನ ಬಟ್ಟೆಯನ್ನು ನೋಡುತ್ತಾ ಕೂತಳು. ಯಾಕೆ ಎಂದು ಕೇಳುತ್ತಾಳೆ ಎಂದು ಮಗಳು ಕಾದಳು. ಉತ್ತರವನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದಳು.

"ಎಷ್ಟು ಹೊತ್ತಿಗೆ?" ಎಂದಳು ಅಮ್ಮ.

"ಏನು?"

"ನಿಲ್ಸಿದ್ದು. ಎಷ್ಟು ಹೊತ್ತಿಗೆ?"

"ಮೂರೂ ಐವತ್ತೊಂದು."

"ಮೂರೂ ಐವತ್ತೊಂದು" ಎಂದು ಅಮ್ಮ ತಾನೂ ಹೇಳಿ ನೋಡಿದಳು. "ಹತ್ತು ತಿಂಗಳಾಯ್ತು. ಅವನು ಹೋದ ಹೊತ್ತು ಯಾವ್ದು ಅಂತ ಒಬ್ರೂ ಹೇಳ್ಲಿಲ್ಲ ನಂಗೆ. ಯಾವ ಹೊತ್ತಿಗೆ ಅಳ್ಬೇಕು ಅಂತಾನೇ ತಿಳೀತಿರ್ಲಿಲ್ಲ ಕಣೇ. ಬೆಳಿಗ್ಗೆ ಅತ್ರೆ, ಆಗ ಇನ್ನೂ ಇದ್ನೇನೋ ಅನ್ಸೋದು. ಸಂಜೆ ಅತ್ರೆ, ತಡ ಮಾಡಿದೆ ಅನ್ಸೋದು."

ಬಟ್ಟೆಗೆ ಗುರುತು ಹಾಕುವ ಸುಣ್ಣದ ಬಿಲ್ಲೆ ಮೆಷಿನ್ ಮೇಲಿತ್ತು. ಅದನ್ನು ತೆಗೆದುಕೊಂಡು, ಕೂತಲ್ಲಿಂದಲೇ ಬಾಗಿ, ಪಕ್ಕದ ಗೋಡೆಯ ಮೇಲೆ ಆ ಅಂಕಿಗಳನ್ನು ಬರೆದಳು. ಅಳತೆ ಬರೆಯುವ ಕೈ. ಅಂಕಿಗಳು ನೇರವಾಗಿ, ಸ್ಪಷ್ಟವಾಗಿ ಬಂದವು.

"ಅಮ್ಮಾ, ಅದು ನಾನು ಕೀಲಿ ಒತ್ತಿದ ಹೊತ್ತು ಅಷ್ಟೇ. ಅವನು ಅವತ್ತು ಮಧ್ಯಾಹ್ನವೇ..."

"ಗೊತ್ತು ಬಿಡು" ಎಂದಳು ಅಮ್ಮ. "ಬೇರೆ ಯಾವ್ದಿದೆ ನನ್ಹತ್ರ?"

ಮಗಳು ಅಲ್ಲೇ ಟಾರ್ಪಾಲಿನ ಮಡಿಕೆಯ ಪಕ್ಕ ನೆಲದ ಮೇಲೆ ಕೂತಳು. ಅಮ್ಮ ಅಳಲಿಲ್ಲ. ಆ ದಿನದ ಹೊತ್ತು ಆಗಲೇ ಮುಗಿದಿತ್ತು. ಮಾರನೆಯ ಮಧ್ಯಾಹ್ನ ಅದೇ ಹೊತ್ತಿಗೆ ಮೆಷಿನ್ ನಿಂತದ್ದನ್ನು ಪಕ್ಕದ ಮನೆಯವರು ಕೇಳಿಸಿಕೊಂಡರು. ಅದರ ಮಾರನೆಯ ದಿನವೂ. ಕಾಲು ಗಂಟೆ ನಿಲ್ಲುತ್ತಿತ್ತು, ಆಮೇಲೆ ಮತ್ತೆ ತುಳಿಯುವ ಸದ್ದು.

ಮೂರು ತಿಂಗಳಾದ ಮೇಲೆ ಬೀಗದ ಕೈ ಅವಳಿಗೆ ವಾಪಸು ಬಂತು. ಬಂದ ವಾರವೇ ಮೊದಲ ಸೋಮವಾರ. ಮಾವ ದೋಣಿಗಳಿಗೆ ಕೂಗಿದ, ಈ ಸಲ ಹೆಂಡತಿಯರ ತಮಾಷೆ ಸೇರಿಸಲಿಲ್ಲ. ಅವಳು ಕಿವಿಯನ್ನು ನಿಲ್ಲಿಸಿದಳು, ಎಬ್ಬಿಸಿದಳು. ಎರಡು ನಿಮಿಷವೂ ಬೇಕಾಗಲಿಲ್ಲ. ಮೈನಸ್ ಸಾವಿರವನ್ನು ಹೊಸಬ ಆಗಲೇ ತೆಗೆದಿದ್ದ. ತೆಗೆದಿದ್ದಾನೋ ಇಲ್ಲವೋ ಎಂದು ಅವಳು ಇನ್ನೊಂದು ಸಲ ನೋಡಿದಳು.

ಸಂಜೆ ಮನೆಗೆ ಹೋದಾಗ ಅಮ್ಮ ದಾರ ಕಡಿಯುತ್ತಿದ್ದಳು. ಹಳೆಯ ಪ್ರಶ್ನೆ ನಿಂತು ಬಹಳ ದಿನವಾಗಿತ್ತು, ಅದರ ಜಾಗದಲ್ಲಿ ಏನೂ ಬಂದಿರಲಿಲ್ಲ. ಅಂದು ದಾರದ ತುಂಡನ್ನು ತುಟಿಯಿಂದ ತೆಗೆದು ಕೇಳಿದಳು:

"ಎಲ್ರೂ ಬಂದ್ರಾ?"

ಇಪ್ಪತ್ತೆರಡು ದೋಣಿ ಹೋಗಿದ್ದವು. ಇಪ್ಪತ್ತೆರಡೂ ಹಸಿರಾದದ್ದನ್ನು ನೋಡಿಯೇ ಅವಳು ಬಾಗಿಲು ಹಾಕಿಕೊಂಡು ಬಂದಿದ್ದಳು. ಆದರೂ ಚಪ್ಪಲಿ ಬಿಟ್ಟ ಕಾಲು ಹೊಸ್ತಿಲಲ್ಲೇ ಸ್ವಲ್ಪ ಹೊತ್ತು ನಿಂತಿತು.

"ಬಂದ್ರಮ್ಮ" ಎಂದಳು. "ಎಲ್ರೂ ಬಂದ್ರು."